ಆಪಲ್‌ಕ್ರಾಸ್‌ನಲ್ಲಿ ಸೇಬು ಹುಡುಕಬೇಡಿ

ಪ್ರಶ್ನೆ: ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಆಪಲ್‌ಕ್ರಾಸ್ ಎಂಬ ಪುಟ್ಟ ಊರಿಗೆ, ಹಿಂದೆ ಅಲ್ಲಿ ಶಿಲುಬೆಯಾಕಾರದಲ್ಲಿ ನೆಟ್ಟಿದ್ದ ಸೇಬಿನ ಗಿಡಗಳಿಂದ ಆ ಹೆಸರು ಬಂತಂತೆ. ನಿಜವೇ?

ಉತ್ತರ: ಖಂಡಿತ ಅಲ್ಲ. ಈ ಪ್ರಶ್ನೆ ಪದೇ ಪದೇ ಬರುತ್ತಿರುವುದರಿಂದ ಇದೊಂದಕ್ಕೆ ವಿವರವಾಗಿ ಉತ್ತರಿಸುತ್ತೇನೆ. ಹೆಸರಿನ ಅತಿ ಹಳೆಯ ರೂಪ ಯಾವುದು, ಆಗ ಆ ನೆಲದಲ್ಲಿ ಯಾವ ನುಡಿಯಿತ್ತು ಎಂದು ನೋಡದೆ ಇಂದಿನ ಕಾಗುಣಿತವನ್ನಷ್ಟೇ ಹಿಡಿದು ಅರ್ಥ ಹೇಳುವವರು ಕತೆ ಕಟ್ಟುತ್ತಾರೆಯೇ ಹೊರತು ಇತಿಹಾಸ ಹೇಳುವುದಿಲ್ಲ. ಐರ್ಲೆಂಡಿನ ಬ್ಯಾಂಗರ್ ಮಠದಿಂದ ಬಂದ ಸಂತ ಮೇಲ್‌ರೂವಾ ಇಲ್ಲಿ ಚರ್ಚು ಸ್ಥಾಪಿಸಿದ್ದನ್ನು ಐರಿಷ್ ವೃತ್ತಾಂತಗಳು ಕ್ರಿ.ಶ. 673ರಲ್ಲಿ ದಾಖಲಿಸಿವೆ, ಅಲ್ಲಿರುವ ಹೆಸರು ‘ಅಪೊರ್‌ಕ್ರೊಸನ್’. ‘ಅಪೊರ್’ ಎಂದರೆ ಅಳಿವೆ, ‘ಕ್ರೊಸನ್’ ಎಂಬುದು ಅಲ್ಲಿ ಕಡಲು ಸೇರುವ ಹೊಳೆ. ಅಳಿವೆಗೆ, ಐರ್ಲೆಂಡಿನಿಂದ ಬಂದವರು ಆಡುತ್ತಿದ್ದ ಗೇಲಿಕ್ ನುಡಿಯ ಪದ ‘ಇನ್ವರ್’. ‘ಅಪೊರ್’ ಮಾತ್ರ ಸ್ಕಾಟ್ಲೆಂಡಿನ ಹಳೆಯ ನಿವಾಸಿಗಳಾದ ಪಿಕ್ಟರ ನುಡಿಯದು, ಅದು ವೇಲ್ಸ್‌ನ ವೆಲ್ಷ್ ನುಡಿಗೆ ನೆಂಟ, ಅಬರ್‌ಡೀನ್ ಮತ್ತು ವೇಲ್ಸ್‌ನ ಅಬರಿಸ್ಟ್‌ವಿತ್ ಹೆಸರುಗಳ ಮೊದಲಲ್ಲಿರುವುದೂ ಇದೇ. ಹೀಗಾಗಿ ಹೆಸರನ್ನು ಕೊಟ್ಟವರು ಐರ್ಲೆಂಡಿನಿಂದ ಬಂದ ಸನ್ಯಾಸಿಗಳಲ್ಲ, ಅವರಿಗಿಂತ ಮೊದಲೇ ಆ ಹೊಳೆಬಾಯಿಯಲ್ಲಿದ್ದ ಜನ ಎಂದೇ ನಾನು ತಿಳಿಯುತ್ತೇನೆ. ಅರ್ಥ ಮರೆತ ‘ಅಪೊರ್’ ಇಂಗ್ಲಿಷ್ ನಾಲಿಗೆಯಲ್ಲಿ ಪರಿಚಿತ ಪದವಾದ ‘ಆಪಲ್’ ಆಯಿತು. ಸೇಬಿನ ಗಿಡಗಳನ್ನು ನೆಟ್ಟದ್ದು ಆಮೇಲಿನ ಕತೆಗಾರರು. ಎಂಟು ದಶಕ ಬದುಕಿ 722ರಲ್ಲಿ ತೀರಿಕೊಂಡ ಮೇಲ್‌ರೂವಾನ ಹೆಸರು ಹತ್ತಿರದ ಮರೀ ಸರೋವರದಲ್ಲಿ ಇಂದಿಗೂ ಉಳಿದಿದೆ. ಇಷ್ಟು ಗಟ್ಟಿಯಾದ ದಾಖಲೆ ಇರುವಾಗ ಸೇಬಿನ ಕತೆಯನ್ನು ಪ್ರವಾಸಿಗರಿಗೆ ಉಣಬಡಿಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ: ಗೇಲಿಕ್‌ನಲ್ಲಿ ಈ ಊರನ್ನು ‘ಅ ಖೋಮ್ರಿಖ್’ ಎನ್ನುವುದು ಅದೇ ಹೆಸರಿನ ಅನುವಾದವೇ?

ಉತ್ತರ: ಅಲ್ಲ, ಅದರ ಅರ್ಥ ಆಶ್ರಯತಾಣ, ಮಠದ ಸುತ್ತಲಿನ ನೆಲದೊಳಗೆ ಕಾಲಿಟ್ಟವನಿಗೆ ಸಿಗುತ್ತಿದ್ದ ರಕ್ಷಣೆಯ ನೆನಪು ಅದು.

ಪ್ರಶ್ನೆ: ಹಣ ಕೊಟ್ಟು ತರಿಸಿದ ‘ಮನೆತನ ಮತ್ತು ಊರಿನ ಮೂಲ’ ಪ್ರಮಾಣಪತ್ರ ನನ್ನಲ್ಲಿದೆ. ಅದು ಪುರಾವೆಯಾಗುತ್ತದೆಯೇ?

ಉತ್ತರ: ಆಗುವುದಿಲ್ಲ, ಇನ್ನೊಂದನ್ನು ತರಿಸಬೇಡಿ.

ಪ್ರಶ್ನೆ: ಅಲ್ಲಿಗೆ ಹೋದರೆ ಏನು ನೋಡಬೇಕು?

ಉತ್ತರ: 626 ಮೀಟರ್ ಎತ್ತರಕ್ಕೇರುವ ‘ಬ್ಯಾಲಖ್ ನ ಬಾ’, ಅಂದರೆ ದನಗಳ ಕಣಿವೆದಾರಿಯಲ್ಲಿ ಹೋಗಬಹುದು, ಆದರೆ ಹಿಮ ಬೀಳುವ ದಿನಗಳಲ್ಲಿ ಬೇಡ. ಹಳೆಯ ಚರ್ಚಿನ ಬಳಿ ಎತ್ತರದ ಶಿಲುಬೆಗಲ್ಲೊಂದು ನಿಂತಿದೆ. ಒಳಗೆ ಸುರುಳಿ ಕೆತ್ತನೆಯ ಒಡೆದ ತುಂಡುಗಳಿವೆ. ಗೆರೆ ಸ್ಪಷ್ಟವಾಗಿ ಕಾಣಲೆಂದು ಸೀಮೆಸುಣ್ಣ ಉಜ್ಜಬೇಡಿ. ಓರೆಯಾಗಿ ಟಾರ್ಚ್ ಹಿಡಿದರೆ ಸಾಕು, ಸುರುಳಿಗಳು ತಾವಾಗಿಯೇ ಎದ್ದು ಕಾಣುತ್ತವೆ.