ಕೆರೆಯಂಚಿನ ಆರು ಗುಂಟೆ ಮತ್ತು ಊರಿನ ನಕ್ಷೆ

ಓದುಗರ ಪ್ರಶ್ನೆಗಳಿಗೆ ಈ ಬಾರಿ ನಿವೃತ್ತ ನಗರ ಯೋಜಕರೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಶಿರಸಿ ನಗರದೊಳಗೆ, ಕೆರೆಯೊಂದರ ಕೆಳಭಾಗದಲ್ಲಿ ನಮ್ಮ ಕುಟುಂಬಕ್ಕೆ ಆರು ಗುಂಟೆ ಜಾಗವಿದೆ. ಇಬ್ಬರು ಅಣ್ಣತಮ್ಮಂದಿರು ಮನೆ ಕಟ್ಟಿಕೊಳ್ಳಬೇಕು ಎಂದುಕೊಂಡಿದ್ದೆವು. ಕೆರೆಯ ಕೋಡಿಹಳ್ಳ ಪಕ್ಕದಲ್ಲೇ ಹರಿಯುವುದರಿಂದ ಆ ಬದಿಯ ಜಾಗದಲ್ಲಿ ಕಟ್ಟಲು ಅನುಮತಿ ಸಿಗುವುದಿಲ್ಲ ಎಂದು ತಿಳಿಸಿದ್ದಾರೆ. ಮಳೆಗಾಲ ಬಿಟ್ಟರೆ ಆ ಹಳ್ಳದಲ್ಲಿ ನೀರೇ ಇರುವುದಿಲ್ಲ. ಹಿಂದಿನವರು ಕಟ್ಟಿದ ಕೆರೆ, ಮುಂದೆ ಹುಟ್ಟುವವರ ಹಿತ ಎಂದೆಲ್ಲ ಹೇಳುತ್ತ ಈಗ ಬದುಕಿರುವವರಿಗೆ ಸೂರು ಕಟ್ಟಿಕೊಳ್ಳಲು ಬಿಡದಿರುವುದು ಯಾವ ನ್ಯಾಯ? ನಗರ ಯೋಜನೆ ಇರುವುದು ಯಾರಿಗಾಗಿ?

ಉತ್ತರ: ಮೊದಲು ಹಳ್ಳದ ವಿಚಾರ. ವರ್ಷದ ಹೆಚ್ಚಿನ ತಿಂಗಳು ಅದು ಒಣಗಿರುತ್ತದೆ ಎಂಬುದು ನಿಜ, ಆದರೆ ಹಳ್ಳಕ್ಕೆ ಎಷ್ಟು ಅಗಲ ಬೇಕು ಎಂಬುದನ್ನು ತೀರ್ಮಾನಿಸುವುದು ಆಷಾಢದ ಒಂದೆರಡು ರಾತ್ರಿಗಳ ಜಡಿಮಳೆ. ಒಂದು ಎಕರೆ ಜಾಗದ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4 ಲಕ್ಷ ಲೀಟರ್ ನೀರಾಗುತ್ತದೆ, ಮತ್ತು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಒಂದೇ ದಿನ ಅಷ್ಟು ಮಳೆಯಾಗುವುದು ಯಾರಿಗೂ ಹೊಸದಲ್ಲ. ಆ ಎಕರೆಯಲ್ಲಿ ಮರ, ಮಣ್ಣು, ತರಗೆಲೆ ಇದ್ದರೆ ಒಂದು ಪಾಲು ಇಂಗುತ್ತದೆ, ಉಳಿದದ್ದು ನಿಧಾನವಾಗಿ ಇಳಿದು ಬರುತ್ತದೆ. ಅದೇ ಎಕರೆಗೆ ಕಾಂಕ್ರೀಟ್ ರಸ್ತೆ, ತಾರಸಿ, ಸಿಮೆಂಟಿನ ಅಂಗಳ ಬಂದರೆ ಹೆಚ್ಚುಕಡಿಮೆ ಎಲ್ಲ ನೀರೂ ಅರ್ಧ ಗಂಟೆಯೊಳಗೆ ಕೆಳಗಿನ ಹಳ್ಳದಲ್ಲಿರುತ್ತದೆ. ಕೆರೆಯ ಮೇಲ್ಭಾಗದಲ್ಲಿ ಇನ್ನು ಇಪ್ಪತ್ತು ವರ್ಷಗಳಲ್ಲಿ ಮನೆಗಳು ಹೆಚ್ಚುತ್ತವೆಯೇ ಹೊರತು ಕಡಿಮೆಯಾಗುವುದಿಲ್ಲ. ಹಾಗಾಗಿ ನಿಮ್ಮ ಹಳ್ಳಕ್ಕೆ ಇಂದು ಸಾಕಾಗುವ ಅಗಲ ನಾಳೆಗೆ ಸಾಲದು. ಕೋಡಿಹಳ್ಳವನ್ನು ಒತ್ತಿ ಕಟ್ಟಿದ ಗೋಡೆಯಿಂದ ಮೊದಲು ತೊಂದರೆಗೆ ಸಿಗುವವರು ಸಾಮಾನ್ಯವಾಗಿ ಆ ಗೋಡೆ ಕಟ್ಟಿದವರ ಮಕ್ಕಳೇ. ಮುಂದಿನ ಪೀಳಿಗೆ ಎಂದಾಗ ನಾವು ಯಾರೋ ಅಪರಿಚಿತರನ್ನು ಕಲ್ಪಿಸಿಕೊಳ್ಳಬೇಕಾಗಿಲ್ಲ.

ಇನ್ನು, ಯೋಜನೆ ಯಾರಿಗಾಗಿ ಎಂಬ ನಿಮ್ಮ ಪ್ರಶ್ನೆ. ಊರಿನಲ್ಲಿ ಎಲ್ಲದರ ಆಯುಸ್ಸು ಒಂದೇ ಅಲ್ಲ ಎಂಬುದನ್ನು ಗಮನಿಸಿದರೆ ಉತ್ತರ ಸುಲಭವಾಗುತ್ತದೆ. ಅಂಗಡಿಯ ಬೋರ್ಡು ಐದು ವರ್ಷಕ್ಕೆ ಬದಲಾಗುತ್ತದೆ, ಕಾಂಕ್ರೀಟ್ ಕಟ್ಟಡ ಐವತ್ತು ಅರವತ್ತು ವರ್ಷ ಬಾಳುತ್ತದೆ. ಆದರೆ ಓಣಿಯ ಗೆರೆ, ಜಾಗದ ಗಡಿ, ಹಳ್ಳದ ದಾರಿ ಇವು ನೂರಾರು ವರ್ಷ ಹಾಗೆಯೇ ಉಳಿಯುತ್ತವೆ. ಎತ್ತಿನಗಾಡಿಯ ಕಾಲದಲ್ಲಿ ಹಾಕಿದ ಪೇಟೆಯ ರಸ್ತೆಯಲ್ಲೇ ಇವತ್ತು ಬಸ್ಸು ತಿರುಗುತ್ತಿದೆ. ರಸ್ತೆಯ ಎರಡೂ ಬದಿಯ ಮನೆಗಳು ಮೂರು ನಾಲ್ಕು ಸಲ ಬಿದ್ದು ಎದ್ದಿರಬಹುದು, ಗೆರೆ ಮಾತ್ರ ಕದಲಿಲ್ಲ. ಆದ್ದರಿಂದ ಕಟ್ಟಡಗಳ ವಿಷಯದಲ್ಲಿ ಯೋಜನೆ ಉದಾರವಾಗಿರಬೇಕು, ನೀರಿನ ದಾರಿ, ರಸ್ತೆಯ ಅಗಲ, ಗುಡ್ಡದ ಇಳಿಜಾರು, ಬಯಲು ಇವುಗಳ ವಿಷಯದಲ್ಲಿ ಜಿಗುಟಾಗಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲಿನದನ್ನು ನಿಮ್ಮ ಮೊಮ್ಮಕ್ಕಳು ಕೆಡವಿ ತಮಗೆ ಬೇಕಾದಂತೆ ಕಟ್ಟಿಕೊಳ್ಳಬಲ್ಲರು. ಎರಡನೆಯದು ಒಮ್ಮೆ ಕೈತಪ್ಪಿದರೆ ಎಷ್ಟು ಕೋಟಿ ಕೊಟ್ಟರೂ ಮರಳಿ ಬರುವುದಿಲ್ಲ. ನಮ್ಮ ಕಚೇರಿಗಳಲ್ಲಿ ಬಹಳ ಸಲ ಇದು ತಿರುಗುಮುರುಗಾಗಿ ನಡೆಯುತ್ತದೆ ಎಂಬುದು ನನಗೆ ನೋವಿನ ಸಂಗತಿ: ಕಟ್ಟಡದ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್‌ನ ಅರ್ಧ ಅಡಿಗೆ ಬಡವನ ಕಡತ ತಿಂಗಳುಗಟ್ಟಲೆ ನಿಲ್ಲುತ್ತದೆ, ಹಳ್ಳದ ಮೇಲೆ ಸ್ಲ್ಯಾಬ್ ಹಾಕಿದ್ದನ್ನು ಯಾರೂ ಕೇಳುವುದಿಲ್ಲ.

ಹಿಂದಿನವರಿಗೆ ಊರು ಸಲ್ಲಿಸಬೇಕಾದದ್ದೂ ಇಲ್ಲಿಯೇ ಇದೆ. ಹಳೆಯ ಕಟ್ಟಡಕ್ಕೆ ಬಣ್ಣ ಬಳಿದು ಫಲಕ ಹಾಕುವುದು ಒಳ್ಳೆಯದೇ, ಆದರೆ ಅವರು ಮಾಡಿಟ್ಟ ಕೆಲಸ ಇಂದೂ ನಡೆಯುವಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಗೌರವ. ಶಿರಸಿಯ ಬಿಡ್ಕಿಬೈಲನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯಲ್ಲಿ ದೇವಿ ಅಲ್ಲಿಯ ಗದ್ದುಗೆಯ ಮೇಲೆ ಕೂರುತ್ತಾಳೆ, ರಾಜ್ಯದ ಮೂಲೆಮೂಲೆಯಿಂದ ಬಂದ ಜನ ಆ ಜಾಗದಲ್ಲಿ ಹಿಡಿಸುತ್ತಾರೆ. ಪೇಟೆಯ ನಟ್ಟನಡುವೆ, ಒಂದೊಂದು ಗುಂಟೆಗೂ ಚಿನ್ನದ ಬೆಲೆ ಇರುವಲ್ಲಿ, ಅಷ್ಟು ದೊಡ್ಡ ತೆರವು ಉಳಿದುಕೊಂಡದ್ದು ಯಾವ ಸರ್ಕಾರಿ ನಕ್ಷೆಯಿಂದಲೂ ಅಲ್ಲ. ದೇವಿಗೆ ಬೇಕಾದ ಜಾಗ ಎಂಬ ಒಂದೇ ನಂಬಿಕೆಯಿಂದ. ಕೋಟೆಕೆರೆ, ದೇವಿಕೆರೆಗಳೂ ಹೀಗೆಯೇ ನಮ್ಮ ಕಾಲಕ್ಕೆ ಬಂದಿವೆ. ಸುತ್ತಲಿನ ಬಾವಿಗಳ ನೀರಿನ ಮಟ್ಟ ಇಂಥ ಕೆರೆಗಳ ಮೇಲೆ ನಿಂತಿರುತ್ತದೆ, ಆದ್ದರಿಂದ ಕೆರೆಯ ಏರಿಯಿಂದ ಎಷ್ಟೋ ದೂರದಲ್ಲಿರುವವರೂ ಅದರ ಪಾಲುದಾರರೇ.

ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು ಹತ್ತಾರು ಊರುಗಳನ್ನು ಸುತ್ತಿದಾಗ, ಮಲೇರಿಯಾದ ಭಯಕ್ಕೆ ಊರೊಳಗಿನ ಕೆರೆಗಳನ್ನು ಮುಚ್ಚುವ ರೂಢಿ ಅಧಿಕಾರಿಗಳಲ್ಲಿತ್ತು. ಕೆರೆಯನ್ನು ಶುಚಿಯಾಗಿಟ್ಟು ಮೀನು ಬಿಡಿ, ಸೊಳ್ಳೆಮರಿಗಳನ್ನು ಅವೇ ತಿನ್ನುತ್ತವೆ ಎಂದು ಅವರು ವಾದಿಸಿದರು. ಹಳೆಯ ಓಣಿಗಳನ್ನು ಸಾರಾಸಗಟಾಗಿ ಕೆಡವಿ ನೇರ ರಸ್ತೆ ಹಾಕುವುದನ್ನೂ ಅವರು ವಿರೋಧಿಸಿದರು. ತೀರ ಹಾಳಾದ ನಾಲ್ಕು ಮನೆ ತೆಗೆದು ಗಾಳಿ ಬೆಳಕಿಗೆ ದಾರಿ ಮಾಡಿ, ಉಳಿದವರನ್ನು ಅವರ ಜಾಗದಲ್ಲೇ ಇರಗೊಡಬೇಕು ಎಂಬುದು ಅವರ ವಿಧಾನ. ನೂರು ವರ್ಷ ಕಳೆದರೂ ನಮ್ಮ ಜಿಲ್ಲೆಯ ಪೇಟೆಗಳಿಗೆ ಅದಕ್ಕಿಂತ ತಕ್ಕ ಸಲಹೆಯನ್ನು ನಾನು ಕಂಡಿಲ್ಲ.

ಮಲೆನಾಡಿನವರಾದ ನಿಮಗೆ ಈ ತತ್ವ ಅಪರಿಚಿತವೂ ಅಲ್ಲ. ಅಡಿಕೆ ತೋಟದ ಒಂದು ಎಕರೆಗೆ 9 ಎಕರೆಯವರೆಗೆ ಸೊಪ್ಪಿನಬೆಟ್ಟವನ್ನು, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡನ್ನು, ಬಿಟ್ಟುಕೊಡುವ ಏರ್ಪಾಡು ಬ್ರಿಟಿಷರ ಕಾಲದಿಂದ ಶಿರಸಿ ಸೀಮೆಯಲ್ಲಿ ನಡೆದುಬಂದಿದೆ. ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಬಳಸಬಹುದು, ಬೆಟ್ಟವನ್ನು ಬೋಳಿಸುವಂತಿಲ್ಲ. ಈ ಕಟ್ಟಳೆ ತೋಟದ ಯಜಮಾನನ ಕೈ ಕಟ್ಟಿತು ನಿಜ, ತೋಟ ನಾಲ್ಕಾರು ತಲೆಮಾರು ಫಲ ಕೊಟ್ಟದ್ದೂ ಅದರಿಂದಲೇ.

ಆದರೆ ಬದುಕಿರುವವರ ಹಕ್ಕನ್ನು ಹಗುರವಾಗಿ ಕಾಣಬಾರದು ಎಂಬ ನಿಮ್ಮ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಯೋಗ್ಯ ಜಾಗದಲ್ಲಿ ಕೈಗೆಟಕುವ ಬೆಲೆಗೆ ನಿವೇಶನ ಸಿಗದಿದ್ದರೆ ಜನ ಹಳ್ಳಕ್ಕೂ ಗುಡ್ಡಕ್ಕೂ ಹೋಗುತ್ತಾರೆ. ಆಗ ಮೂರು ತಲೆಮಾರಿನವರೂ ಸೋಲುತ್ತಾರೆ. ಕಾನೂನು ಕೂಡ ನಿಮ್ಮನ್ನು ಕೈಬಿಟ್ಟಿಲ್ಲ. ನಿಮ್ಮ ಜಾಗದ ಮೇಲಿರುವುದು ಎರಡರಲ್ಲಿ ಯಾವುದು ಎಂಬುದನ್ನು ಮೊದಲು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಹಳ್ಳದ ಅಂಚಿನಿಂದ ಇಷ್ಟು ಮೀಟರ್ ಬಿಟ್ಟು ಕಟ್ಟಬೇಕು ಎಂಬ ನಿರ್ಬಂಧವಾದರೆ ಜಾಗ ನಿಮ್ಮದೇ. ಉಳಿದ ಭಾಗದಲ್ಲಿ ಕಟ್ಟಬಹುದು, ಬಿಟ್ಟ ಭಾಗದಲ್ಲಿ ತೆಂಗು, ಹೂವು, ತರಕಾರಿ ಬೆಳೆಯಬಹುದು. ಅದರ ಬದಲು ಮಾಸ್ಟರ್ ಪ್ಲಾನ್‌ನಲ್ಲಿ ನಿಮ್ಮ ಜಾಗವನ್ನು ಉದ್ಯಾನಕ್ಕೋ ರಸ್ತೆಗೋ ಕಾಯ್ದಿರಿಸಿದ್ದರೆ, ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 69ನೇ ಕಲಂ ಪ್ರಕಾರ ಯೋಜನೆ ಜಾರಿಗೆ ಬಂದ 5 ವರ್ಷಗಳೊಳಗೆ ಆ ಜಾಗವನ್ನು ಒಪ್ಪಂದದಿಂದ ಪಡೆಯಬೇಕು ಇಲ್ಲವೇ ಸ್ವಾಧೀನದ ಪ್ರಕ್ರಿಯೆ ಶುರು ಮಾಡಬೇಕು, ಇಲ್ಲದಿದ್ದರೆ ಕಾಯ್ದಿರಿಸಿದ್ದು ರದ್ದಾದಂತೆ. ಊರಿಗೆ ಜಾಗ ಬೇಕಾದರೆ ಊರು ಅದರ ಬೆಲೆ ತೆರಬೇಕು. ಒಂದೇ ಕುಟುಂಬದ ಹೆಗಲ ಮೇಲೆ ಇಡೀ ಊರಿನ ಭವಿಷ್ಯವನ್ನು ಹೊರಿಸುವುದನ್ನು ಯೋಜನೆ ಎಂದು ಕರೆಯಲಾಗದು. ಮನೆಯ ವಿಚಾರದಲ್ಲಿ ನನ್ನ ಸಲಹೆ: ಎರಡು ಬೇರೆ ಮನೆಗಳ ಬದಲು, ಹಳ್ಳದಿಂದ ದೂರದ ಭಾಗದಲ್ಲಿ, ಸುತ್ತಲಿನ ನೆಲಕ್ಕಿಂತ ಎತ್ತರದ ಪಾಯದ ಮೇಲೆ, ಮಾಳಿಗೆ ಇರುವ ಒಂದೇ ಕಟ್ಟಡದಲ್ಲಿ ಇಬ್ಬರಿಗೂ ಪ್ರತ್ಯೇಕ ಮನೆ ಮಾಡಿಕೊಳ್ಳಿ.

ಪ್ರಶ್ನೆ: ಕಾರವಾರಕ್ಕೆ ಪಶ್ಚಿಮದಲ್ಲಿ ಸಮುದ್ರ, ಉತ್ತರದಲ್ಲಿ ಕಾಳಿ ನದಿ, ಪೂರ್ವದಲ್ಲಿ ಗುಡ್ಡ, ದಕ್ಷಿಣದಲ್ಲಿ ನೌಕಾನೆಲೆ. ದಂಡೆಯಲ್ಲಿ ಕಟ್ಟಲು ಸಿ.ಆರ್.ಝಡ್. (ಕರಾವಳಿ ನಿಯಂತ್ರಣ ವಲಯ) ನಿಯಮದ ಅಡ್ಡಿ. ಹೀಗಾಗಿ ಗುಡ್ಡದ ಬುಡದಲ್ಲಿ ಎನ್.ಎ. (ಕೃಷಿಯೇತರ) ಆದ ನಿವೇಶನವೊಂದನ್ನು ನೋಡಿದ್ದೇನೆ. ಎನ್.ಎ. ಆಗಿದೆ ಎಂದ ಮೇಲೆ ಹೆದರಬೇಕಾಗಿಲ್ಲ ಅಲ್ಲವೇ?

ಉತ್ತರ: ಎನ್.ಎ. ಆದೇಶ ಹೇಳುವುದು ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಪರಿವರ್ತಿಸಲಾಗಿದೆ ಎಂಬುದನ್ನು ಮಾತ್ರ. ಹಿಂದಿನ ಗುಡ್ಡ ನಿಲ್ಲುತ್ತದೆಯೋ ಇಲ್ಲವೋ ಎಂಬುದಕ್ಕೆ ಅದು ಪ್ರಮಾಣಪತ್ರವಲ್ಲ. ನಿವೇಶನಕ್ಕೆ ಹೋಗಿ ಧರೆಯನ್ನು, ಅಂದರೆ ಗುಡ್ಡದ ಕಡಿದ ಬದಿಯನ್ನು, ಹತ್ತಿರದಿಂದ ನೋಡಿ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಮೇಲೆ ಗಟ್ಟಿಯಾದ ಚಿರೇಕಲ್ಲಿನ ಪದರ, ಅದರ ಕೆಳಗೆ ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಶೇಡಿ ಮಣ್ಣು ಇರುತ್ತದೆ. ಚಿರೇಕಲ್ಲಿನ ರಂಧ್ರಗಳಿಂದ ಇಳಿದ ಮಳೆನೀರು ಶೇಡಿಯ ಮೇಲೆ ನಿಲ್ಲುತ್ತದೆ, ಶೇಡಿ ನೆನೆದು ಬೆಣ್ಣೆಯಂತಾಗುತ್ತದೆ, ಮೇಲಿನ ಭಾರವೆಲ್ಲ ಅದರ ಮೇಲೆ ಜಾರುತ್ತದೆ. ಬುಡವನ್ನು ನೆಟ್ಟಗೆ ಕಡಿದಿದ್ದರೆ ಆ ಭಾರಕ್ಕೆ ಆನಿಕೆಯೇ ಇರುವುದಿಲ್ಲ. ಧರೆಯಲ್ಲಿ ಶೇಡಿಯ ಪದರ ಕಾಣುತ್ತಿದ್ದರೆ, ಮಳೆ ನಿಂತು ಎರಡು ದಿನವಾದರೂ ಅಲ್ಲಿಂದ ನೀರು ಜಿನುಗುತ್ತಿದ್ದರೆ, ಗುಡ್ಡದ ಮೇಲೆ ಉದ್ದುದ್ದ ಬಿರುಕುಗಳಿದ್ದರೆ ಆ ನಿವೇಶನವನ್ನು ಬಿಟ್ಟುಬಿಡಿ, ಬೆಲೆ ಎಷ್ಟೇ ಕಡಿಮೆಯಿರಲಿ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಜಾರಿ ಮನೆಗಳ ಮೇಲೆ ಬಿದ್ದದ್ದು ಈ ಊರಿನವರು ಮರೆಯುವಂಥದಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗೆಂದು ಬುಡ ಕಡಿದಿದ್ದ ಗುಡ್ಡ ಕುಸಿದು ಗಂಗಾವಳಿಯವರೆಗೂ ನುಗ್ಗಿ ಹಲವರನ್ನು ಬಲಿ ತೆಗೆದುಕೊಂಡಿತು.

ಸಮುದ್ರ ದಂಡೆಯ ನಿಯಮದ ಬಗ್ಗೆ ಊರಿನಲ್ಲಿ ಇರುವಷ್ಟು ಭಯಕ್ಕೆ ಕಾರಣವಿಲ್ಲ. 2019ರ ಅಧಿಸೂಚನೆಯ ಪ್ರಕಾರ, ಈಗಾಗಲೇ ಅಭಿವೃದ್ಧಿಯಾದ ನಗರ ಭಾಗಗಳಲ್ಲಿ ಅಧಿಕೃತ ರಸ್ತೆ ಅಥವಾ ಕಟ್ಟಡಗಳ ಗೆರೆಯಿಂದ ಒಳಗಿನ, ಅಂದರೆ ನೆಲದ ಕಡೆಯ ಜಾಗದಲ್ಲಿ ನಿಯಮಕ್ಕೊಳಪಟ್ಟು ಕಟ್ಟಬಹುದು. ಗ್ರಾಮೀಣ ಭಾಗಗಳಲ್ಲಿ ಜನಸಾಂದ್ರತೆ ಹೆಚ್ಚಿದ್ದಲ್ಲಿ ಭರತದ (ಸಮುದ್ರದ ಉಬ್ಬರದ) ಗೆರೆಯಿಂದ 50 ಮೀಟರ್, ಉಳಿದ ಕಡೆ 200 ಮೀಟರ್ ಬಿಡಬೇಕು.

ಬಿಟ್ಟ ಮರಳು ದಂಡೆ ಖಾಲಿ ಬಿದ್ದಿದೆ ಎಂದು ಭಾವಿಸುವವರು ಒಮ್ಮೆ ರಂಪಣಿ ಎಳೆಯುವುದನ್ನು ನೋಡಬೇಕು. ದೋಣಿಯಲ್ಲಿ ಬಲೆಯನ್ನು ಸಮುದ್ರದಲ್ಲಿ ಅರ್ಧ ಸುತ್ತು ಹಾಕಿ, ಅದರ ಎರಡೂ ತುದಿಗಳನ್ನು ಹತ್ತಾರು ಜನ ದಡದಿಂದ ಒಟ್ಟಾಗಿ ಎಳೆಯುವ ಈ ಮೀನುಗಾರಿಕೆಗೆ ಉದ್ದನೆಯ, ಅಡೆತಡೆಯಿಲ್ಲದ ಮರಳೇ ಕಾರ್ಖಾನೆ. 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕಾಮಗಾರಿ ಶುರುವಾದಾಗ ಕಾರವಾರದ ಮೀನುಗಾರರು ಬೀದಿಗಿಳಿದದ್ದು ಟಾಗೋರ್ ಕಡಲತೀರವನ್ನು ಉಳಿಸಿಕೊಳ್ಳಲು. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ತರುಣ ರವೀಂದ್ರನಾಥರು ಬಂದು ಕಂಡು ಬೆರಗಾದ ದಂಡೆ ಅದು. ಆ ನೆನಪಿಗೆ ಬೆಲೆಯಿದೆ, ಆದರೆ ಅಲ್ಲಿ ಬಲೆ ಎಳೆಯುವವರ ಅನ್ನಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ ಎಂದೇ ನಾನು ಹೇಳುತ್ತೇನೆ.

ಹಾಗಾದರೆ ಎಲ್ಲಿ ಕಟ್ಟುವುದು? ಊರೊಳಗೆ. ಕಾರವಾರದ ಒಳವಾರ್ಡುಗಳಲ್ಲಿ ಹಂಚಿನ ಪಾಳು ಮನೆಗಳಿರುವ, ವಾರಸುದಾರರು ಮುಂಬೈಯಲ್ಲೋ ಗೋವೆಯಲ್ಲೋ ಇರುವ ಜಾಗಗಳು ಇಂದಿಗೂ ಸಿಗುತ್ತವೆ. ಹಕ್ಕಿನ ಕಾಗದಪತ್ರ ಸರಿಪಡಿಸುವುದು ತಾಪತ್ರಯದ ಕೆಲಸ, ಆದರೂ ರಸ್ತೆ, ನೀರು, ಶಾಲೆ, ಆಸ್ಪತ್ರೆ ಇರುವಲ್ಲಿಯೇ ನೀವು ಇರುತ್ತೀರಿ, ಮತ್ತು ಗುಡ್ಡ ತನ್ನ ಪಾಡಿಗೆ ತಾನಿರುತ್ತದೆ.

ಪ್ರಶ್ನೆ: ನಮ್ಮ ಊರಿನ ಮಾಸ್ಟರ್ ಪ್ಲಾನ್ ಕರಡು ಬಂದಾಗ ಸಾಮಾನ್ಯರು ಏನಾದರೂ ಮಾಡಲು ಸಾಧ್ಯವೇ? (ಕುಮಟಾದ ಓದುಗರು)

ಉತ್ತರ: ಸಾಧ್ಯ. 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿದ್ದು ಅಲ್ಲಿಯ ನಗರ ಯೋಜನಾ ಕಾಯ್ದೆಗೆ ಒಳಪಟ್ಟಿತ್ತು. ಈಗಿರುವುದು ನಾನು ಮೇಲೆ ಹೇಳಿದ 1961ರ ಕಾಯ್ದೆ. ಅದರಂತೆ ಕರಡು ಪ್ರಕಟವಾದ ಮೇಲೆ ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಅವಕಾಶವಿರುತ್ತದೆ, ಮತ್ತು ಯೋಜನೆಯನ್ನು ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಹೆಚ್ಚಿನವರು ತಮ್ಮ ಸ್ವಂತ ಸರ್ವೆ ನಂಬರಿನ ಬಣ್ಣ ಹಳದಿಯೋ ಹಸಿರೋ ಎಂದು ನೋಡಿ ಮರಳುತ್ತಾರೆ. ನೀವು ನೀರಿನ ಗೆರೆಗಳನ್ನು ನೋಡಿ. ನಿಮ್ಮ ಓಣಿಯ ಹಳ್ಳ, ಗಜನಿ ಭೂಮಿಯ (ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆಯ) ಕಟ್ಟೆ, ಕೆರೆ ಕೋಡಿ, ಸ್ಮಶಾನದ ದಾರಿ ಇವು ಕಂದಾಯದ ಹಳೆಯ ನಕ್ಷೆಯಲ್ಲಿದ್ದು ಕರಡಿನಲ್ಲಿ ಕಾಣೆಯಾಗಿದ್ದರೆ, ಸರ್ವೆ ನಂಬರು, ಹಳೆಯ ನಕ್ಷೆಯ ಪ್ರತಿ ಮತ್ತು ಮಳೆಗಾಲದಲ್ಲಿ ತೆಗೆದ ಫೋಟೋ ಜೊತೆಗಿಟ್ಟು ಆಕ್ಷೇಪಣೆ ಸಲ್ಲಿಸಿ. ಓಣಿಯ ಹಿರಿಯರನ್ನು ಕೂರಿಸಿಕೊಂಡು ಕೇಳಿದರೆ, ದೊಡ್ಡ ನೆರೆ ಬಂದ ವರ್ಷ ನೀರು ಯಾವ ಮೆಟ್ಟಿಲಿನವರೆಗೆ ಏರಿತ್ತು ಎಂದು ಬೆರಳು ಮಾಡಿ ತೋರಿಸುತ್ತಾರೆ. ಅದನ್ನೂ ಬರೆದು ಸೇರಿಸಿ. ಹತ್ತು ಮನೆಯವರು ಬೇರೆ ಬೇರೆ ಅರ್ಜಿ ಕೊಡುವುದು ಒಂದೇ ಅರ್ಜಿಗೆ ನೂರು ಸಹಿ ಹಾಕಿಸುವುದಕ್ಕಿಂತ ಮೇಲು, ಏಕೆಂದರೆ ಆಗ ಪ್ರತಿಯೊಂದನ್ನೂ ದಾಖಲಿಸಿ ಪರಿಶೀಲಿಸಬೇಕಾಗುತ್ತದೆ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಅಂತಿಮ ಯೋಜನೆ ಬಂದಾಗ ಹೋಲಿಸಿ ನೋಡಲು ಅದು ಬೇಕಾಗುತ್ತದೆ.