ಕೆಸರಿನಲ್ಲಿ ಹೂತ ಮಿನಿ ಟ್ರ್ಯಾಕ್ಟರ್: ಹೊರಗೆಳೆದ ಮೇಲೆ ಏನೇನು ನೋಡಬೇಕು?

ಪ್ರಶ್ನೆ: ಅಡಿಕೆ ತೋಟ ಮತ್ತು ಎರಡು ಎಕರೆ ಗದ್ದೆಯ ಕೆಲಸಕ್ಕೆಂದು 24 ಎಚ್‌ಪಿಯ ಫೋರ್ ವೀಲ್ ಡ್ರೈವ್ ಮಿನಿ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದೇವೆ. ಪುನರ್ವಸು ಮಳೆಯಲ್ಲಿ ನಾಟಿಗೆ ಗದ್ದೆ ಹದ ಮಾಡುತ್ತಿದ್ದಾಗ ಹಳ್ಳದ ಪಕ್ಕದ ಒರತೆ ಗದ್ದೆಯಲ್ಲಿ ಅದು ಮುಂದಿನ ಆಕ್ಸಲ್ ಮುಳುಗುವಷ್ಟು ಹೂತುಕೊಂಡಿತು. ಇಂಜಿನ್ ನಿಲ್ಲಲಿಲ್ಲವಾದರೂ ಕಾಲಿಡುವ ಹಲಗೆಯವರೆಗೆ ಕೆಸರುನೀರು ಬಂದಿತ್ತು. ಸಂಜೆ ಜೆಸಿಬಿ ತರಿಸಿ ಹಿಂದಕ್ಕೆ ಎಳೆಸಿದೆವು. ತೊಳೆದ ಮೇಲೆ ಎಲ್ಲವೂ ಸರಿಯಿರುವಂತೆ ಕಂಡಿತು. ಆದರೆ ಈಗ ಎಡಗಡೆಯ ಮುಂಚಕ್ರದ ಒಳಬದಿಯಲ್ಲಿ ಬಿಳಿಚಿದ ಎಣ್ಣೆ ಜಿನುಗುತ್ತಿದೆ, ಬ್ರೇಕ್ ತುಳಿದರೆ ಕಿರುಗುಟ್ಟುತ್ತದೆ. ಎಲ್ಲ ಆಯಿಲ್ ಬದಲಾಯಿಸಬೇಕೆ? ಇನ್ನೊಮ್ಮೆ ಹೂತರೆ ಹಿಂದಿನ ಚಕ್ರಗಳಿಗೆ ಅಡ್ಡಲಾಗಿ ಮರದ ತುಂಡು ಕಟ್ಟಿ ಮುಂದಕ್ಕೆ ಹೊಡೆದರೆ ತಾನೇ ಎದ್ದು ಬರುತ್ತದೆ ಎಂದು ಪಕ್ಕದವರು ಹೇಳುತ್ತಾರೆ. ಹಾಗೆ ಮಾಡಬಹುದೆ?
- ಹೊಸನಗರ ತಾಲ್ಲೂಕಿನ ಓದುಗರು

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ. ದಯವಿಟ್ಟು ಚಕ್ರಕ್ಕೆ ಮರದ ತುಂಡು ಕಟ್ಟಬೇಡಿ. ಇಂಜಿನ್ನಿನ ಬಲ ಹಿಂದಿನ ಚಕ್ರವನ್ನು ತಿರುಗಿಸಲು ಹೊರಟಾಗ ಅಷ್ಟೇ ಬಲ ಟ್ರ್ಯಾಕ್ಟರಿನ ಒಡಲನ್ನು ಎದುರು ದಿಕ್ಕಿಗೆ ತಿರುವುತ್ತಿರುತ್ತದೆ. ಚಕ್ರ ಉರುಳುವವರೆಗೆ ಇದು ನಮ್ಮ ಗಮನಕ್ಕೆ ಬರುವುದಿಲ್ಲ. ಮರದ ತುಂಡು ಕೆಸರಿನಡಿಯ ಗಟ್ಟಿ ನೆಲಕ್ಕೆ ಕಚ್ಚಿಕೊಂಡು ಚಕ್ರ ತಿರುಗದೆ ನಿಂತುಬಿಟ್ಟರೆ, ಒಡಲೇ ಆಕ್ಸಲಿನ ಸುತ್ತ ತಿರುಗಿ ಮುಂಭಾಗ ಮೇಲಕ್ಕೇಳುತ್ತದೆ, ಮತ್ತು ಚಾಲಕನು ಅದನ್ನು ಕಂಡು ಕ್ಲಚ್ ಒತ್ತುವಷ್ಟರಲ್ಲಿ ಟ್ರ್ಯಾಕ್ಟರ್ ಹಿಮ್ಮೊಗವಾಗಿ ಅವನ ಮೇಲೆಯೇ ಮಗುಚಿರುತ್ತದೆ. ನಮ್ಮಲ್ಲಿ ಓಡಾಡುವ ಅನೇಕ ಮಿನಿ ಟ್ರ್ಯಾಕ್ಟರ್‌ಗಳಿಗೆ ಚಾಲಕನನ್ನು ಕಾಯುವ ಕಮಾನು ಕಂಬಿಯೂ ಇಲ್ಲ. ಈ ಉಪಾಯದಿಂದ ಹತ್ತು ಸಲ ಟ್ರ್ಯಾಕ್ಟರ್ ಹೊರಬಂದಿದೆ ಎಂದು ಯಾರಾದರೂ ಹೇಳಿದರೂ ಒಪ್ಪಬೇಡಿ.

ಹೂತಾಗ ಮೊದಲು ಮಾಡಬೇಕಾದದ್ದು ಚಕ್ರ ತಿರುಗಿಸುವುದನ್ನು ನಿಲ್ಲಿಸುವುದು. ಟ್ರ್ಯಾಕ್ಟರ್ ಮುಂದೆ ಹೋಗದೆ ಚಕ್ರ ಮಾತ್ರ ಸುತ್ತತೊಡಗಿದರೆ ಪ್ರತಿ ಸುತ್ತಿಗೂ ಅದು ತನ್ನ ಗುಂಡಿಯನ್ನು ತಾನೇ ಆಳ ಮಾಡಿಕೊಳ್ಳುತ್ತದೆ; ಹೊಟ್ಟೆಭಾಗ ಕೆಸರಿಗೆ ತಾಗಿದ ಮೇಲಂತೂ ಚಕ್ರಕ್ಕೆ ಭಾರವೇ ಬೀಳುವುದಿಲ್ಲ. ರೋಟವೇಟರನ್ನು ಎತ್ತಿ, ಪಿಟಿಒ (ರೋಟವೇಟರನ್ನು ತಿರುಗಿಸುವ ಶಾಫ್ಟ್) ಬಿಡಿಸಿ, ಚಕ್ರಗಳು ನಿಂತಿರುವಾಗ ಡಿಫರೆನ್ಶಿಯಲ್ ಲಾಕ್ (ಎರಡೂ ಹಿಂಚಕ್ರಗಳು ಒಟ್ಟಿಗೆ ತಿರುಗುವಂತೆ ಮಾಡುವ ಲಾಕ್) ಹಾಕಿ, ಸ್ಟೇರಿಂಗ್ ನೇರವಾಗಿಟ್ಟುಕೊಂಡು, ಬಂದ ದಾರಿಯಲ್ಲೇ ಲೋ ಗೇರಿನಲ್ಲಿ ಹಿಂದಕ್ಕೆ ಬರಲು ಒಮ್ಮೆ ಪ್ರಯತ್ನಿಸಿ. ಹಿಂದಕ್ಕೆ ಬರುವಾಗ ಆ ಎದುರುಬಲ ಮುಂಭಾಗವನ್ನು ಕೆಳಕ್ಕೆ ಒತ್ತುವುದರಿಂದ ಮಗುಚುವ ಭಯವೂ ಕಡಿಮೆ. ಬರಲಿಲ್ಲವೆಂದರೆ ಇಳಿದು ಗುದ್ದಲಿ ಹಿಡಿಯುವುದೇ ಸರಿ: ನೀರು ಹರಿದುಹೋಗಲು ಒಂದು ಕಾಲುವೆ ತೆಗೆದು, ಚಕ್ರಗಳ ಹಿಂದೆ ಇಳಿಜಾರು ಮಾಡಿ, ಹೊಟ್ಟೆಯಡಿಯ ಕೆಸರನ್ನು ಬಿಡಿಸಿದರೆ ಅದರ ಹಿಡಿತ ಸಡಿಲವಾಗುತ್ತದೆ. ಈ ಕೆಲಸಕ್ಕೆ ಅರ್ಧ ಗಂಟೆ ಹೋದರೂ ಎಳೆಯುವ ಭಾರ ಬಹಳ ಇಳಿಯುತ್ತದೆ.

ಜೆಸಿಬಿಯಿಂದ ಹಿಂದಕ್ಕೆ ಎಳೆಸಿದ್ದು ಒಳ್ಳೆಯದೇ ಆಯಿತು. ಆದರೆ ಸರಪಳಿಯನ್ನು ಎಲ್ಲಿಗೆ ಬಿಗಿದಿದ್ದರೆಂದು ನೀವು ಬರೆದಿಲ್ಲ. ಹಿಂದಿನಿಂದಾದರೆ ಕೆಳಗಿನ ಡ್ರಾಬಾರಿಗೆ (ಎಳೆಯುವ ಕೊಂಡಿ ಸಿಕ್ಕಿಸುವ ಪಟ್ಟಿಗೆ), ಮುಂದಿನಿಂದಾದರೆ ಚಾಸಿಗೆ ಸೇರಿದ ಹುಕ್ಕಿಗೆ ಕಟ್ಟಬೇಕು. ಟಾಪ್ ಲಿಂಕಿಗಾಗಲಿ (ಹಿಂದಿನ ಉಪಕರಣವನ್ನು ಮೇಲ್ಗಡೆ ಹಿಡಿಯುವ ರಾಡು), ಮುಂದಿನ ಆಕ್ಸಲಿಗಾಗಲಿ, ಸ್ಟೇರಿಂಗ್ ರಾಡಿಗಾಗಲಿ ಎಂದೂ ಕಟ್ಟಬಾರದು. ಒಂದೂವರೆ ಟನ್ನು ಕೂಡ ತೂಗದ ಈ ಪುಟ್ಟ ಯಂತ್ರಕ್ಕೆ ಜೆಸಿಬಿಯ ಒಂದು ಜಗ್ಗು ಸಾಕು, ಬೋಲ್ಟು ಸಡಿಲವಾಗುತ್ತದೆ ಇಲ್ಲವೇ ರಾಡು ಬಾಗುತ್ತದೆ. ಆದ್ದರಿಂದ ಡ್ರಾಬಾರಿನ ಬೋಲ್ಟುಗಳನ್ನೂ, ಇಂಜಿನ್ನಿಗೂ ಕ್ಲಚ್ ಹೌಸಿಂಗಿಗೂ ನಡುವಿನ ಬೋಲ್ಟುಗಳನ್ನೂ, ಚಕ್ರದ ನಟ್ಟುಗಳನ್ನೂ ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಮುಂಚಕ್ರಗಳನ್ನು ನೇರ ನಿಲ್ಲಿಸಿ, ಎರಡು ರಿಮ್ಮುಗಳ ನಡುವಿನ ಅಂತರವನ್ನು ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ಮುಂದೆ ಮತ್ತು ಹಿಂದೆ ಟೇಪಿನಿಂದ ಅಳೆಯಿರಿ. ಈ ಎರಡು ಅಳತೆಗಳ ವ್ಯತ್ಯಾಸ ಕೈಪಿಡಿಯಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗಿದ್ದರೆ ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ಬಾಗಿರಬಹುದು.

ಇನ್ನು ಜಿನುಗುತ್ತಿರುವ ಎಣ್ಣೆಯ ವಿಷಯ. ನನ್ನ ದೃಷ್ಟಿಯಲ್ಲಿ ನಿಮ್ಮ ಪತ್ರದಲ್ಲಿ ಅತಿ ಮುಖ್ಯವಾದ ಮಾತು ಇದೇ, ಮತ್ತು ಇದಕ್ಕೆ ಮುಂದಿನ ಸರ್ವೀಸಿನವರೆಗೆ ಕಾಯುವಂತಿಲ್ಲ. ಕೆಲಸದಲ್ಲಿರುವಾಗ ಆಕ್ಸಲ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಹೆಚ್ಚಾದ ಗಾಳಿ ಬ್ರೀದರ್ ಎಂಬ ಸಣ್ಣ ರಂಧ್ರದಿಂದ ಹೊರಗೆ ಹೋಗುತ್ತದೆ. ಬಿಸಿ ಆಕ್ಸಲ್ ತಣ್ಣನೆಯ ಕೆಸರಿನಲ್ಲಿ ಮುಳುಗಿ ನಿಂತಾಗ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಏನಾದರೂ ಎಳೆದುಕೊಳ್ಳಲೇಬೇಕಾಗುತ್ತದೆ. ಬ್ರೀದರ್ ನೀರಿನಡಿಯಲ್ಲಿದ್ದರೆ ಆ ದಾರಿಯಿಂದಲೇ, ಅದು ಮಣ್ಣಿನಿಂದ ಮುಚ್ಚಿದ್ದರೆ ಸವೆದ ಆಯಿಲ್ ಸೀಲಿನ (ಎಣ್ಣೆ ಹೊರಬರದಂತೆ ತಡೆಯುವ ರಬ್ಬರ್ ಬಳೆಯ) ಅಂಚಿನಿಂದ, ನೀರು ಒಳಸೇರುತ್ತದೆ. ಹೊಚ್ಚ ಹೊಸ ಟ್ರ್ಯಾಕ್ಟರಿನಲ್ಲೂ ಇದು ಆಗಬಹುದು.

ಪರೀಕ್ಷೆ ಹೀಗೆ ಮಾಡಿ. ರಾತ್ರಿಯಿಡೀ ಸಮತಟ್ಟಾದ ಜಾಗದಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಮುಂದಿನ ಆಕ್ಸಲಿನ ತಳದ ಡ್ರೇನ್ ಪ್ಲಗ್ ಕೆಳಗೆ ಗಾಜಿನ ಲೋಟ ಹಿಡಿದು, ಪ್ಲಗ್ಗನ್ನು ಪೂರ್ತಿ ತೆಗೆಯದೆ ನಿಧಾನವಾಗಿ ಸಡಿಲಿಸಿ. ನೀರು ಎಣ್ಣೆಗಿಂತ ಭಾರವಾದ್ದರಿಂದ ತಳಕ್ಕೆ ಇಳಿದಿದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಗೇರುಗಳ ತಿರುಗಾಟದಲ್ಲಿ ಈಗಾಗಲೇ ಬೆರೆತುಹೋಗಿದ್ದರೆ ಲೋಟದಲ್ಲಿ ಹಾಲು ಹಾಕಿದ ಚಹಾದಂಥ ಬಣ್ಣ ಕಾಣುತ್ತದೆ. ಜಿನುಗುವ ಎಣ್ಣೆಯೇ ಬಿಳಿಚಿರುವುದರಿಂದ ನಿಮ್ಮಲ್ಲಿ ಎರಡನೆಯದೇ ಆಗಿರುವ ಸಂಭವ ಹೆಚ್ಚು. ಹಾಗಿದ್ದರೆ ಎಡಗಡೆಯ ಸೀಲನ್ನು ಬದಲಾಯಿಸಿ, ಆಕ್ಸಲಿನ ಆಯಿಲನ್ನು ಪೂರ್ತಿ ಇಳಿಸಿ, ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್ ತುಂಬಿ, ಕೆಲವು ಗಂಟೆ ಹಗುರ ಕೆಲಸ ಮಾಡಿ, ಮತ್ತೆ ಅದೇ ಪರೀಕ್ಷೆ ಮಾಡಿ. ಇನ್ನೂ ಮಸುಕಾಗಿದ್ದರೆ ಇನ್ನೊಮ್ಮೆ ಬದಲಾಯಿಸಲೇಬೇಕು. ಡೀಸೆಲ್ ಹಾಕಿ ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ಒಳಗೆ ಉಳಿದ ಡೀಸೆಲ್ ಹೊಸ ಆಯಿಲನ್ನೇ ತೆಳುವಾಗಿಸುತ್ತದೆ. ಸೀಲ್ ತೆಗೆದಾಗ ನೀವೂ ಪಕ್ಕದಲ್ಲಿ ನಿಂತು ನೋಡಿ. ಗದ್ದೆಯ ಕಳೆಬೇರು, ಗೊಬ್ಬರದ ಚೀಲದ ನೂಲು ಹಬ್ಬಿನ ಹಿಂದೆ ಸುತ್ತಿಕೊಂಡು ಬಿಗಿದಿರುವುದು ಸಾಮಾನ್ಯ, ಮತ್ತು ಸೀಲನ್ನು ಕತ್ತರಿಸುವುದು ಹೆಚ್ಚಾಗಿ ಅದೇ. ಸೀಲಿನ ಅಂಚು ತಾಗುವ ಜಾಗದಲ್ಲಿ ಉಗುರಿಗೆ ಸಿಗುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಅದನ್ನು ಮೆಕ್ಯಾನಿಕ್‌ಗೆ ತೋರಿಸಿ ಸರಿಪಡಿಸಿಕೊಳ್ಳಿ.

ಎಲ್ಲ ಆಯಿಲ್ ಬದಲಾಯಿಸಬೇಕೆಂದೇನೂ ಇಲ್ಲ, ಆದರೆ ಎಲ್ಲವನ್ನೂ ನೋಡಬೇಕು. ಈ ಗಾತ್ರದ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಮತ್ತು ಹೈಡ್ರಾಲಿಕ್ ಮೂರಕ್ಕೂ ಒಂದೇ ಆಯಿಲ್ ಇರುವುದರಿಂದ ಅಲ್ಲಿ ನೀರು ಸೇರಿದರೆ ಹೈಡ್ರಾಲಿಕ್ ಪಂಪಿಗೂ ಪೆಟ್ಟು. ಡಿಪ್‌ಸ್ಟಿಕ್ ಎಳೆದಾಗ ಆಯಿಲ್ ಮಟ್ಟ ಮೊದಲಿಗಿಂತ ಏರಿದ್ದರೆ ನೀರು ಸೇರಿದೆಯೆಂದೇ ತಿಳಿಯಿರಿ. ಬ್ರೇಕಿನ ಪ್ರಶ್ನೆಯೂ ಇಲ್ಲಿಗೇ ಸೇರುತ್ತದೆ: ನಿಮ್ಮದು ಆಯಿಲ್ ಬ್ರೇಕ್ (ಪ್ಲೇಟುಗಳು ಎಣ್ಣೆಯಲ್ಲಿ ಮುಳುಗಿರುವ ಬಗೆ) ಆಗಿದ್ದರೆ ಕಿರುಗುಟ್ಟುವುದು ಈ ಆಯಿಲ್ ಕೆಟ್ಟಿರುವುದರ ಸೂಚನೆಯಾಗಿರಬಹುದು, ಡ್ರೈ ಬ್ರೇಕ್ ಆಗಿದ್ದರೆ ಪ್ಲೇಟುಗಳ ನಡುವೆ ಸಣ್ಣ ಮರಳು ಕೂತಿರಬಹುದು, ಬಿಚ್ಚಿ ಶುಚಿ ಮಾಡಬೇಕು. ಎಡ-ಬಲ ಚಕ್ರಗಳ ಎರಡೂ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿ, ಒಣ ನೆಲದ ಮೇಲೆ ನಿಧಾನವಾಗಿ ಹೋಗುತ್ತ ಬ್ರೇಕ್ ತುಳಿದು, ಟ್ರ್ಯಾಕ್ಟರ್ ಒಂದು ಕಡೆಗೆ ಎಳೆಯುತ್ತದೆಯೇ ನೋಡಿ. ಎಳೆಯುತ್ತಿದ್ದರೆ ರಿಪೇರಿಯಾಗುವವರೆಗೆ ಟ್ರೇಲರ್ ಕಟ್ಟಿ ರಸ್ತೆಗೆ ಇಳಿಸಬೇಡಿ.

ಕ್ಲಚ್ ಹೌಸಿಂಗಿನ ತಳದಲ್ಲಿ ನೀರು ಇಳಿಯಲೆಂದು ಒಂದು ಸಣ್ಣ ತೂತು ಇರುತ್ತದೆ. ಅದು ಕೆಸರಿನಿಂದ ಮುಚ್ಚಿದ್ದರೆ ತಂತಿಯಿಂದ ಚುಚ್ಚಿ ಬಿಡಿಸಿ. ಒಳಗೆ ತೇವ ಉಳಿದು ಟ್ರ್ಯಾಕ್ಟರ್ ವಾರಗಟ್ಟಲೆ ನಿಂತರೆ ಕ್ಲಚ್ ಪ್ಲೇಟ್ ತುಕ್ಕಿನಿಂದ ಅಂಟಿಕೊಳ್ಳುತ್ತದೆ. ರೇಡಿಯೇಟರನ್ನು ಇಂಜಿನ್ ಕಡೆಯಿಂದ ಹೊರಕ್ಕೆ, ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು. ಪ್ರೆಷರ್ ವಾಷರನ್ನು ಅದರ ರೆಕ್ಕೆಗಳಿಗಾಗಲಿ ಸೀಲು, ಬ್ರೀದರ್, ಡೈನಮೊ, ಸೆಲ್ಫ್ ಮೋಟಾರುಗಳಿಗಾಗಲಿ ನೇರ ಹಿಡಿದರೆ ಕೆಸರು ಮಾಡದ ಹಾನಿಯನ್ನು ತೊಳೆಯುವ ನೀರೇ ಮಾಡುತ್ತದೆ. ಗ್ರೀಸ್ ತುಂಬುವ ಎಲ್ಲ ನಿಪ್ಪಲುಗಳಿಗೆ, ಮುಖ್ಯವಾಗಿ ಮುಂದಿನ ಆಕ್ಸಲಿನ ನಡುವಿನ ಪಿನ್ನಿಗೆ, ಮಣ್ಣು ಬೆರೆತ ಹಳೆ ಗ್ರೀಸ್ ಹೊರಬಂದು ಹೊಸ ಗ್ರೀಸ್ ಕಾಣಿಸುವವರೆಗೂ ಗನ್ ಒತ್ತಿ. ಏರ್ ಕ್ಲೀನರಿನಲ್ಲಿ ನೀರಿನ ಗುರುತು ಇದೆಯೇ ಎಂದೂ ನೋಡಿ. ಒಂದು ವೇಳೆ ಇಂಜಿನ್ ನೀರಿನಲ್ಲೇ ನಿಂತುಹೋಗಿದ್ದರೆ ಸೆಲ್ಫ್ ಹೊಡೆಯಲೇಬಾರದಿತ್ತು; ಸಿಲಿಂಡರಿಗೆ ನೀರು ಹೋಗಿದ್ದರೆ ನೀರು ಅದುಮಲಾಗದ ವಸ್ತುವಾದ್ದರಿಂದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನಿಮ್ಮಲ್ಲಿ ಇಂಜಿನ್ ಓಡುತ್ತಲೇ ಇದ್ದುದರಿಂದ ಆ ಭಯವಿಲ್ಲ.

ಪ್ರಶ್ನೆ: ಕೆಸರಿನಿಂದ ಎಳೆದ ಮೇಲೆ ನಮ್ಮ ಮಿನಿ ಟ್ರ್ಯಾಕ್ಟರಿನ ಹಿಂದಿನ ಟಯರಿನ ವಾಲ್ವ್ ಓರೆಯಾಗಿ ಕಾಣುತ್ತದೆ. ಗಾಳಿ ಇಳಿದಿಲ್ಲ. ಹಾಗೆಯೇ ಓಡಿಸಬಹುದೆ?
- ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಓಡಿಸಬೇಡಿ. ಈಗ ಗಾಳಿ ಇಳಿಯದಿದ್ದರೂ ಟಯರಿನಲ್ಲಿ ಮೊದಲೇ ಗಾಳಿ ಕಡಿಮೆಯಿದ್ದಿರಬೇಕು; ಎಳೆತದ ಭಾರಕ್ಕೆ ಅದು ರಿಮ್ಮಿನ ಮೇಲೆ ಜಾರಿದೆ, ಟ್ಯೂಬೂ ಅದರ ಜೊತೆ ತಿರುಗಿದೆ. ಇನ್ನಷ್ಟು ಜಾರಿದರೆ ವಾಲ್ವ್ ಬುಡದಲ್ಲೇ ಕಿತ್ತುಬರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಗಾಳಿ ಪೂರ್ತಿ ತೆಗೆಸಿ, ರಿಮ್ಮಿನ ಅಂಚಿನ ಮಣ್ಣು ತೊಳೆಸಿ, ವಾಲ್ವ್ ನೆಟ್ಟಗಾಗುವಂತೆ ಟ್ಯೂಬ್ ಸರಿಸಿ ಕೂರಿಸಿದ ಮೇಲೆ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿಸಿ. ಟಯರಿನ ಅಂಚಿಗೂ ರಿಮ್ಮಿಗೂ ಸೇರಿಸಿ ಬಣ್ಣದಿಂದ ಒಂದು ಗೆರೆ ಎಳೆದಿಟ್ಟರೆ, ಮುಂದೆ ಮತ್ತೆ ಜಾರಿದಾಗ ಗೆರೆ ಎರಡಾಗಿ ಕಾಣುವುದರಿಂದ ಕೂಡಲೇ ತಿಳಿಯುತ್ತದೆ.