ಬೂದುಬಣ್ಣಕ್ಕೆ ತಿರುಗಿದ ಮರದ ಡೆಕ್: ಹಲಗೆ ಕೀಳಬೇಕೇ, ವಾರ್ನಿಷ್ ಹೊಡೆಯಬೇಕೇ?

ಬಿಸಿಲು ಮಳೆಗೆ ಡೆಕ್ಕಿನ (ಮನೆಯ ಹೊರಗೆ ತೊಲೆಗಳ ಮೇಲೆ ಹಲಗೆ ಹಾಸಿ ಕಟ್ಟಿದ ಜಗಲಿಯ) ಹಲಗೆಗಳು ಬೂದುಬಣ್ಣಕ್ಕೆ ತಿರುಗಿ ಸಣ್ಣಸಣ್ಣ ಸೀಳು ಬಿಟ್ಟಿವೆ, ಎಲ್ಲ ಕಿತ್ತು ಹೊಸದು ಹಾಕಿಸಲೋ, ದಪ್ಪಗೆ ವಾರ್ನಿಷ್ ಹೊಡೆಸಲೋ ಎಂದು ಕೇಳಿದ್ದೀರಿ. ಇಂಥ ಡೆಕ್‌ಗಳ ದುರಸ್ತಿ ಮಾಡಿದ ಅನುಭವದಿಂದ ಹೇಳುತ್ತೇನೆ: ಬಹುತೇಕ ಎರಡೂ ಬೇಕಾಗುವುದಿಲ್ಲ.

ಬಣ್ಣ ನೋಡಿ ಹೆದರಬೇಡಿ. ಮರದ ನಾರುಗಳನ್ನು ಬೆಸೆದಿಡುವುದು ಲಿಗ್ನಿನ್. ಬಿಸಿಲಿನ ನೇರಳಾತೀತ ಕಿರಣ ಅದನ್ನು ಒಡೆಯುತ್ತದೆ, ಮಳೆ ತೊಳೆದು ಹಾಕುತ್ತದೆ, ಉಳಿದ ಬಿಳಿಚಿದ ನಾರಿನ ಮೇಲೆ ಬೂಷ್ಟು ಕೂರುತ್ತದೆ. ಇಷ್ಟೆಲ್ಲ ನಡೆಯುವುದು ಮೇಲಿನ ತೆಳುಪದರದಲ್ಲಿ, ಒಂದೆರಡು ಮಿಲಿಮೀಟರಿಗಿಂತ ಆಳಕ್ಕಲ್ಲ. ಮರವನ್ನು ನಿಜವಾಗಿ ತಿನ್ನುವುದು ಒಳಗೆ ನಿಂತ ನೀರು. ತೇವ ಶೇ. 20ಕ್ಕಿಂತ ಕೆಳಗೇ ಉಳಿದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ.

ಅದಕ್ಕೇ ಮೊದಲು ಡೆಕ್ಕಿನ ಕೆಳಗೆ ನುಗ್ಗಿ ನೋಡಿ. ಒಂದು ಸ್ಕ್ರೂಡ್ರೈವರ್ ಹಿಡಿದು ತೊಲೆಗಳ ಮೇಲ್ಭಾಗ, ಹಲಗೆಯ ತುದಿಗಳು, ಮೊಳೆಗಳ ಸುತ್ತ, ಮೆಟ್ಟಿಲಿನ ಬುಡ, ಡೆಕ್ ಗೋಡೆಗೆ ಸೇರುವ ಜಾಗ, ಎಲ್ಲ ಕಡೆ ಚುಚ್ಚಿ. ಗಟ್ಟಿ ಮರ ತಡೆಯುತ್ತದೆ. ಕುಂಬಾದ ಮರದಲ್ಲಿ ಮೊನೆ ಸಲೀಸಾಗಿ ಇಳಿಯುತ್ತದೆ, ಎಬ್ಬಿಸಿದರೆ ಪುಡಿಪುಡಿಯಾಗಿ ಬರುತ್ತದೆ. ಅಂಥ ಹಲಗೆಯನ್ನು ಮಾತ್ರ ಬದಲಾಯಿಸಿ. ತೊಲೆಯೋ ಗೋಡೆಗೆ ಕಟ್ಟಿದ ಮರವೋ ಕುಂಬಾಗಿದ್ದರೆ ಮಾತ್ರ ಮಿಕ್ಕೆಲ್ಲ ನಿಲ್ಲಿಸಿ, ತಿಳಿದವರನ್ನು ಕರೆಸಿ; ಅದು ಜನರ ಭಾರ ಹೊರುವ ಭಾಗ, ಮೇಲೆ ಎಷ್ಟು ಅಂದ ಮಾಡಿದರೂ ಪ್ರಯೋಜನವಿಲ್ಲ. ಎದ್ದು ನಿಂತ ಮೊಳೆಯನ್ನು ಮತ್ತೆ ಬಡಿದರೆ ಮತ್ತೆ ಏಳುತ್ತದೆ. ಕಿತ್ತು, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಹಲಗೆಗಳ ಸಂದಿಯಲ್ಲಿ ಕೂತ ಎಲೆ, ಮಣ್ಣನ್ನೂ ಕೆರೆದು ತೆಗೆಯಿರಿ. ನೀರು ನಿಲ್ಲುವುದೇ ಅಲ್ಲಿ.

ತೊಳೆಯುವಾಗ ಪ್ರೆಶರ್ ವಾಷರ್ ತರುವ ಆಸೆ ಬರುತ್ತದೆ. ನನಗೆ ಅದು ಇಷ್ಟವಿಲ್ಲ. ಒತ್ತಡ ಸ್ವಲ್ಪ ಹೆಚ್ಚಾದರೂ ಮೆದು ಮರದ ನಾರು ಎದ್ದು, ಹಲಗೆ ಗೀರುಗೀರಾಗುತ್ತದೆ. ಸೋಡಿಯಂ ಪರ್ಕಾರ್ಬೊನೇಟ್ (ಕ್ಲೋರಿನ್ ಇಲ್ಲದ, ಆಮ್ಲಜನಕ ಬಿಟ್ಟು ಕೊಳೆ ತೆಗೆಯುವ ಬ್ಲೀಚ್) ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕಲಸಿ ಸುರಿದು, ಸುಮಾರು 15 ನಿಮಿಷ ಒಣಗದಂತೆ ಬಿಟ್ಟು, ನಾರಿನ ದಿಕ್ಕಿನಲ್ಲೇ ಗಟ್ಟಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಕ್ಲೋರಿನ್ ಬ್ಲೀಚ್ ಬೇಡ, ಅದು ಲಿಗ್ನಿನ್ನನ್ನೇ ತಿನ್ನುತ್ತದೆ. ತಂತಿ ಬ್ರಷ್ಷೂ ಬೇಡ. ಮುರಿದುಳಿದ ಕಬ್ಬಿಣದ ಚೂರು ಆಮೇಲೆ ಕಪ್ಪು ಕಲೆ ಬಿಡುತ್ತದೆ. ತೊಳೆದ ಮೇಲೆ ಮರ ಕಪ್ಪಾಗಿ ಕಂಡರೆ ಗಾಬರಿ ಬೇಡ, ಅದು ಆ ಪುಡಿಯಲ್ಲಿರುವ ಕ್ಷಾರದ ಗುಣ. ತೆಳುವಾದ ಆಕ್ಸಾಲಿಕ್ ಆಮ್ಲ ಸವರಿ ತೊಳೆದರೆ ಮರದ ಮೂಲ ಬಣ್ಣ ಬಹುಮಟ್ಟಿಗೆ ಮರಳುತ್ತದೆ, ಮೊಳೆಯ ಸುತ್ತಲಿನ ಕಪ್ಪು ಕಲೆಯೂ ಹೋಗುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಅದನ್ನು ಮುಟ್ಟಬೇಡಿ.

ಪೂರ್ತಿ ಒಣಗಿದ ಮೇಲೆ, ಸಿಬಿರು ಎದ್ದ ಕಡೆ 60 ಇಲ್ಲವೇ 80 ನಂಬರಿನ ಒರಟು ಸ್ಯಾಂಡ್‌ಪೇಪರ್ ಸಾಕು. ಇನ್ನೂ ನುಣ್ಣಗೆ ಉಜ್ಜಿದರೆ ಮರದ ರಂಧ್ರ ಮುಚ್ಚಿಹೋಗಿ ಎಣ್ಣೆ ಇಳಿಯುವುದಿಲ್ಲ. ಒಂದು ಎಚ್ಚರಿಕೆ: ರಾಸಾಯನಿಕ ಹಾಕಿ ಬಾಳಿಕೆ ಹೆಚ್ಚಿಸಿದ ಹಳೆಯ ಮರದಲ್ಲಿ ಆರ್ಸೆನಿಕ್ ಇರಬಹುದು. ಅಂಥದ್ದೆಂಬ ಅನುಮಾನವಿದ್ದರೆ ಉಜ್ಜುವ ಕೆಲಸವೇ ಬೇಡ.

ಇನ್ನು ವಾರ್ನಿಷ್. ಅದು ಮರದ ಮೇಲೆ ಗಟ್ಟಿ ಪೊರೆಯಾಗಿ ಕೂರುತ್ತದೆ. ಡೆಕ್ ಹಲಗೆ ಬಿಸಿಲಿಗೆ ಕುಗ್ಗುತ್ತದೆ, ಮಳೆಗೆ ಹಿಗ್ಗುತ್ತದೆ, ಪೊರೆ ಬಿರಿಯುತ್ತದೆ. ಆ ಬಿರುಕಿನಲ್ಲಿ ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಆಮೇಲೆ ಸುಲಿದ ಪೊರೆಯನ್ನೆಲ್ಲ ಕೆರೆದು ತೆಗೆಯುವ ಪಾಡು ನಿಮ್ಮದೇ. ಬದಲಿಗೆ ಮರದೊಳಗೆ ಇಳಿಯುವ, ಬಣ್ಣದ ಪುಡಿ ಬೆರೆತ ಡೆಕ್ ಆಯಿಲ್ ತೆಗೆದುಕೊಳ್ಳಿ. ಪಾರದರ್ಶಕ ಎಣ್ಣೆ ಬಿಸಿಲನ್ನು ಅಷ್ಟಾಗಿ ತಡೆಯುವುದಿಲ್ಲ, ತಡೆಯುವುದು ಆ ಬಣ್ಣದ ಕಣಗಳೇ. ಹಲಗೆಯ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ. ಬೇಗ ಹೀರಿಕೊಂಡರೆ ಮರ ಸಿದ್ಧವಾಗಿದೆ. ಬಿಸಿಲು ನೆತ್ತಿಗೇರದ ಹೊತ್ತಿನಲ್ಲಿ ತೆಳ್ಳಗೆ ಹಚ್ಚಿ, ಹೀರದೆ ಉಳಿದದ್ದನ್ನು ಸ್ವಲ್ಪ ಹೊತ್ತಿನಲ್ಲೇ ಬಟ್ಟೆಯಿಂದ ಒರೆಸಿಬಿಡಿ. ಹಲಗೆಯ ಕೊಯ್ದ ತುದಿಗಳಿಗೆ ಮಾತ್ರ ಕುಡಿದಷ್ಟೂ ಕುಡಿಸಿ. ನೀರು ಹೆಚ್ಚು ಹೀರುವುದು ಅಲ್ಲೇ, ಕೊಳೆಯಲು ಶುರುವಾಗುವುದೂ ಸಾಮಾನ್ಯವಾಗಿ ಅಲ್ಲಿಂದಲೇ.

ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಗಾಳಿಯೊಡನೆ ಸೇರುವಾಗ ಕಾವು ಹುಟ್ಟುತ್ತದೆ. ಮುದ್ದೆಯೊಳಗೆ ಆ ಕಾವು ಸಿಕ್ಕಿಕೊಂಡು ಬೆಂಕಿ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.